ಹತ್ತೊಂಬತ್ತನೆಯವನ ಅರಿಕೆ

ಆಸ್ಟ್ರೇಲಿಯಾದ ನಮ್ಮ ವಿಕ್ಟೋರಿಯಾ ಸೀಮೆಯ ಫುಟ್‌ಬಾಲಿನಲ್ಲಿ ಚೆಂಡನ್ನು ದೂರ ಒದ್ದವರು ಅನೇಕರಿದ್ದಾರೆ, ಎದುರಾಳಿಯ ಹೆಗಲಿನೆತ್ತರಕ್ಕೆ ನೆಗೆದು ಹಿಡಿದವರೂ ಇದ್ದಾರೆ. ಆದರೆ ಕೊನೆಯ ಗಂಟೆ ಬಾರಿಸುವವರೆಗೂ ಸೋಲನ್ನು ಒಪ್ಪದೆ ಆಡಿದವರೆಂದರೆ ನಮ್ಮ ತರಬೀನ್ ಕ್ಲಬ್ಬಿನ ಶ್ರೀ ಆರ್ಚಿ ಟ್ರೆಗೆಂಜಾ ಅವರೇ. ಹಗಲೆಲ್ಲ ಬೆಣ್ಣೆ ಕಾರ್ಖಾನೆಯಲ್ಲಿ ದುಡಿದು, ಮಂಗಳವಾರ ಗುರುವಾರ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದ ಅವರು, 1946ರಿಂದ ಆಟಗಾರರಾಗಿ, ನಾಯಕರಾಗಿ, ತರಬೇತುದಾರರಾಗಿ ಮೂವತ್ತೈದು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿದ್ದಾರೆ. ನಾನು ಬೂಟಿಲ್ಲದೆ ಸೇರಲು ಬಂದಾಗ ತಮ್ಮ ಹಳೆಯ ದೊಡ್ಡ ಜೋಡಿಗೆ ಪತ್ರಿಕೆಯ ಹಾಳೆ ತುರುಕಿ, "ತಗೋ ಕ್ಲೆಮ್, ಕಾಲು ಬೆಳೆಯುತ್ತೆ ಬಿಡು" ಎಂದು ಕೊಟ್ಟವರು ಅವರು. ಆಗ ನನಗೆ ಇಪ್ಪತ್ತೆರಡು!

ಅವರ ಗೌರವಕ್ಕೆ ಹೊರಡುತ್ತಿರುವ ಈ ಸಂಪುಟದ ಸಂಪಾದಕರು ಕಳಿಸಿದ ಪರಿಚಯಪತ್ರದಲ್ಲಿ ಒಂದು ಸಾಲಿದೆ: "1954ರ ಅಂತಿಮ ಪಂದ್ಯದಲ್ಲಿ ಹತ್ತೊಂಬತ್ತನೆಯವನನ್ನು ತಪ್ಪಾಗಿ ಕರೆದು ನಾಯಕತ್ವ ಕಳೆದುಕೊಂಡರು." ಆ ಸಾಲು ಸುಳ್ಳು. ಆ ಹತ್ತೊಂಬತ್ತನೆಯವನು ನಾನೇ.

ಕೆರಿವೇಲ್ ತಂಡದ ಮೇಲಿನ ಆ ಪಂದ್ಯದ ಕೊನೆಯ ಕಾಲುಭಾಗ ಆರಂಭವಾದಾಗ ನಾವು ಅರವತ್ತೊಂದು, ಅವರು ಮೂವತ್ತೆರಡು. ಅಷ್ಟರಲ್ಲಿ ನಮ್ಮ ಡಾಡ್ಸ್ ಮಂಡಿ ಹಿಡಿದು ಕುಸಿದ. ಅವನು ಕುಂಟುತ್ತಾ ಗೆರೆ ದಾಟುವವರೆಗೆ ಹತ್ತೊಂಬತ್ತನೆಯವನು, ಅಂದರೆ ಬದಲಿ ಆಟಗಾರನಾದ ನಾನು ಕಾಯಬೇಕಿತ್ತು. ಆಡುವ ಆತುರಕ್ಕೆ ಕಾಯದೆ ಒಳಗೆ ನುಗ್ಗಿಬಿಟ್ಟೆ. ಕೆರಿವೇಲ್ ನಾಯಕ ತಕ್ಷಣ ಅಂಪೈರ್ ಬಳಿ ಓಡಿ, "ಸ್ವಾಮಿ, ತಲೆ ಎಣಿಸಿ!" ಎಂದು ಕೂಗಿದ. ನಮ್ಮನ್ನು ಸಾಲಾಗಿ ನಿಲ್ಲಿಸಿ ಎಣಿಸಿದರು. ಹದಿನೆಂಟು ಇರಬೇಕಾದಲ್ಲಿ ಹತ್ತೊಂಬತ್ತು. ನಿಯಮದಂತೆ ನಮ್ಮ ಅರವತ್ತೊಂದೂ ಅಳಿಸಿಹೋಯಿತು. ಫಲಕದ ಮೇಲೆ ಸೊನ್ನೆ ತೂಗುಹಾಕಿದರು. ಅಯ್ಯೋ, ನೆಲ ಬಾಯ್ಬಿಡಬಾರದೆ ಅನ್ನಿಸಿತು.

"ಬೋರ್ಡ್ ಯಾಕ್ರೋ ನೋಡ್ತೀರಾ? ಅದೇನು ಆಡುತ್ತಾ? ಇನ್ನೂ ಇಪ್ಪತ್ತು ನಿಮಿಷ ಇದೆ, ನಡೀರಿ!" ಎಂದರು ಆರ್ಚಿ. ಆ ಇಪ್ಪತ್ತು ನಿಮಿಷದಲ್ಲಿ ನಾವು ಸೊನ್ನೆಯಿಂದ ಮೂವತ್ತೊಂದಕ್ಕೇರಿದೆವು: ತಲಾ ಆರಂಕದ ಐದು ಗೋಲು, ಗುರಿ ಸ್ವಲ್ಪ ತಪ್ಪಿದ ಒಂದು ಒದೆತಕ್ಕೆ ಒಂದಂಕ. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಐದು ಗೋಲುಗಳಲ್ಲಿ ಮೂರನ್ನು ಹೊಡೆದವರು ಅವರೇ. ಕೆರಿವೇಲ್ ಎರಡೇ ಅಂಕ ಸೇರಿಸಿತು, ಮೂರಂಕದಿಂದ ಗೆದ್ದಿತು.

ಸೋಮವಾರ ಕ್ಲಬ್ ಸಮಿತಿ ವಿಚಾರಣೆಗೆ ಕುಳಿತಿತು. ನಾನು ಬಾಯಿ ತೆರೆಯುವ ಮೊದಲೇ ಆರ್ಚಿ ಎದ್ದು ನಿಂತು, "ಕ್ಲೆಮ್‌ನ ಕೈ ಬೀಸಿ ಕರೆದಿದ್ದು ನಾನೇ" ಎಂದರು. ಹೊರಗೆ ಬಂದು ನಾನು ಅತ್ತೆ. "ಬಾಯ್ಮುಚ್ಕೊಂಡು ಆಡು. ನಿಂಗಿನ್ನೂ ಹತ್ತು ವರ್ಷದ ಆಟ ಇದೆ, ನಂದು ಮುಗೀತಾ ಬಂತು" ಎಂದು ಗದರಿದರು. ಅವರ ನಾಯಕತ್ವ ಹೋಯಿತು. ಆ ಬೇಸಿಗೆಯೆಲ್ಲ ಊರ ಮಾಂಸದಂಗಡಿಯವನು ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಮುಂದಿನ ಹಂಗಾಮಿನ ಮೊದಲ ಮಂಗಳವಾರ ಮಾತ್ರ ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದರು. 1957ರಲ್ಲಿ ನಾವು ಕಪ್ ಗೆದ್ದಾಗ ಅದನ್ನು ಎತ್ತಿದ ನಾಯಕ ನಾನು. ಹಿಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದವರು ಅವರು. ಇಪ್ಪತ್ತೇಳು ವರ್ಷ ಈ ಹೇಡಿ ಸುಮ್ಮನಿದ್ದ.

ಇನ್ನು ಸುಮ್ಮನಿರಲಾರೆ. ಸಂಪಾದಕರು ಆ ಸಾಲನ್ನು ಹೊಡೆದುಹಾಕಿ ಈ ಪುಟವನ್ನು ಉಳಿಸಲಿ. ಇದನ್ನೋದಿ ಆರ್ಚಿ ಭಾನುವಾರ ನಮ್ಮ ಮನೆಗೆ ಬಂದು ಬೈಯುವುದು ಖಂಡಿತ. ಹೀಗೆ ಬೈಯಲು ಅವರಿಗೆ ಇನ್ನೂ ಬಹುಕಾಲ ಆಯುಸ್ಸು, ಗಂಟಲು ಎರಡೂ ಗಟ್ಟಿಯಾಗಿರಲಿ. ಅಂದು ಮೈದಾನದ ನಡುವಿನಿಂದ ಅವರು ನನ್ನತ್ತ ಕೈ ಎತ್ತಿದ್ದು ನಿಜ. ಅಂಗೈ ತೋರಿಸಿ, ನಿಲ್ಲು ಎಂದಿದ್ದರು. ನಾನು ಅದನ್ನು ನೋಡಿದ್ದೆ.