ಹೆಸರು ಅದೇ, ಕೈ ಬೇರೆ

ನನ್ನದು ಮೊದಲಿನಿಂದಲೂ ಸಂಶಯದ ಸ್ವಭಾವ. ಹಾಲಿನವರ ಅಳತೆ, ಮದುವೆ ಊಟದ ತುಪ್ಪ, ಫೋನಿನಲ್ಲಿ ಬಲು ನಯವಾಗಿ ಮಾತಾಡುವ ಬೀಗರು, ಯಾವುದನ್ನೂ ಒಮ್ಮೆಗೇ ನಂಬಿದವಳಲ್ಲ. ಗಜೇಂದ್ರಗಡದ ನೇಕಾರರ ಮನೆಗೆ ಸೊಸೆಯಾಗಿ ಬಂದ ಮೇಲೆ ಈ ಗುಣಕ್ಕೆ ಜೊತೆ ಸಿಕ್ಕಿತು. ನಮ್ಮತ್ತೆ ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ನಾವಿಬ್ಬರೂ ಕೂಡಿ ದಿನಾ ಸಂಶಯಪಡುತ್ತಿದ್ದದ್ದು ಸಂಜೆ ಏಳರ ಧಾರಾವಾಹಿಯನ್ನು.

ಆ ಧಾರಾವಾಹಿ ನನ್ನ ಮದುವೆಗಿಂತ ಹಳೆಯದು. ಒಂದು ದೊಡ್ಡ ಮನೆ, ಇಬ್ಬರು ಸೊಸೆಯರು, ಎಂದೂ ಕೆಲಸಕ್ಕೆ ಹೋಗದ ಗಂಡಸರು. ಆದರೂ ಚೆನ್ನಾಗಿತ್ತು. ಹಿರಿಸೊಸೆ ಒಂದು ಮಾತೂ ಆಡದೆ ತಾಟು ಸರಿಸಿ ಎದ್ದುಹೋದ ಸಂಜೆ, ನಮ್ಮತ್ತೆ ತಿರುಗಿಸುತ್ತಿದ್ದ ರಾಟೆ ತಾನಾಗಿ ನಿಂತಿತ್ತು. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಗೆ ನಾವು ಕಂಡಿಕೆ ಅನ್ನುತ್ತೇವೆ. ಧಾರಾವಾಹಿ ನೋಡುತ್ತ ಮರುದಿನದ ಕಂಡಿಕೆ ಸುತ್ತುವುದು ನಮ್ಮ ಸಂಜೆಯ ಕೆಲಸ. ಎದುರಿನ ಕಿರಾಣಿ ಅಂಗಡಿಯ ಅಕ್ಕನೂ ಗಂಡನನ್ನು ಗಲ್ಲೆಯ ಮೇಲೆ ಕೂರಿಸಿ ಬಂದುಬಿಡುತ್ತಿದ್ದರು.

ಮಾವ ಮಾತ್ರ ನೋಡುವವರಲ್ಲ. ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು, ಒಳಕೋಣೆಯಲ್ಲಿ ಅಡ್ಡಾಗುತ್ತಿದ್ದರು. ಬಜಾರದಲ್ಲಿ ಅವರ ಸೀರೆಗೆ ಬೇರೆಯೇ ಮರ್ಯಾದೆ. ವ್ಯಾಪಾರಿ ಮಡಿಕೆ ಬಿಚ್ಚಿ ಇದು ಇಂಥವರ ಕೈಯದು ಅಂದರೆ ಗಿರಾಕಿ ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಮಾವನಿಗೆ ಬದುಕಿನಲ್ಲಿ ಇದ್ದ ಒಂದೇ ಒಂದು ಜಂಬ ಅದು.

ಧಾರಾವಾಹಿ ಕೆಟ್ಟದ್ದು ಶೇಂಗಾ ಹೋಳಿಗೆಯಿಂದ. ಹಿರಿಸೊಸೆಗೆ ಶೇಂಗಾ ಮುಟ್ಟಿದರೆ ಆಗುವುದಿಲ್ಲ, ಅದನ್ನು ತಿಂದೇ ಆಕೆ ಹಿಂದೊಮ್ಮೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಂಥವಳು ಹಬ್ಬದ ದಿನ ನಗುನಗುತ್ತ ಹೋಳಿಗೆ ಮುರಿದು ಬಾಯಿಗಿಟ್ಟಳು.

“ಶೇಂಗಾ ತಿಂದು ಸಾಯಾಕ ಬಿದ್ದಿದ್ಳಲ್ಲ ಆಕಿ,” ಅಂದರು ಅತ್ತೆ.

“ಈಗ ಆರಾಮ ಆಗಿರಬೇಕ್ರಿ ಅಕ್ಕಾರ,” ಅಂದರು ಅಂಗಡಿಯ ಅಕ್ಕ.

“ಯಾವಾಗ ಆತು? ಯಾವ ದವಾಖಾನ್ಯಾಗ ಆತು? ನಮಗ ತೋರಸಬೇಕಿಲ್ಲೇನು?”

ಮುಂದಿನ ವಾರ ಆ ಮನೆಯ ಮೂಕಿ ಕೆಲಸದವಳು “ಬಂದೆ ಅಮ್ಮಾ” ಅಂದುಬಿಟ್ಟಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ರಾಟೆ ಪಕ್ಕಕ್ಕೆ ಸರಿಸಿದರು.

“ಕಥಿ ಬರ್ಯಾಂವ ಬದಲಾಗ್ಯಾನ,” ಅಂದರು.

ಈ ತೀರ್ಪು ಎಲ್ಲಿಂದ ಬಂತೆಂದು ಹೇಳಬೇಕು. ನಮ್ಮ ಮನೆಯಲ್ಲಿ ಒಂದು ಸೀರೆಗೆ ಒಂದೇ ಕೈ. ನೇಯುತ್ತಿರುವವರಿಗೆ ಜ್ವರ ಬಂದರೆ ಮಗ್ಗದ ಮೇಲೆ ಬಟ್ಟೆ ಹೊದಿಸಿ ಕಾಯುತ್ತಾರೆಯೇ ಹೊರತು ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿಗೆ ಇನ್ನೊಬ್ಬರು ಇಳಿಯುವುದಿಲ್ಲ. ನೂಲು ಬಡಿದು ಕೂರಿಸುವ ಪೆಟ್ಟು ಒಬ್ಬೊಬ್ಬರದು ಒಂದೊಂದು ನಮೂನೆ. ಕೈ ಬದಲಾದಲ್ಲಿ ಬಟ್ಟೆಗೆ ಅಡ್ಡ ಗೆರೆ ಬೀಳುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಧಾರಾವಾಹಿಗೂ ಹೋಳಿಗೆಯ ದಿನದಿಂದ ಅಂಥ ಗೆರೆ ಬಿದ್ದಿದೆ ಎಂಬುದು ಅತ್ತೆಯ ವಾದ. ನಾನು ಶುರುವಿನಲ್ಲಿ ಓಡುವ ಅಕ್ಷರಗಳನ್ನು ಕಣ್ಣಿಟ್ಟು ಓದಿದೆ. ಬರೆಯುವವರ ಹೆಸರು ಹಳೆಯದೇ ಇತ್ತು.

“ಹೆಸರು ಅದ ಇರತೈತಿ,” ಅಂದರು ಅತ್ತೆ. “ಕೈ ಬ್ಯಾರೆ.”

ಅಲ್ಲಿಂದ ನಮಗೆ ಕಥೆಗಿಂತ ಬೈಗುಳವೇ ರುಚಿಯಾಯಿತು. ಹಳೆಯವನನ್ನು ಜಗಳವಾಡಿ ಓಡಿಸಿದ್ದಾರೆ ಎಂದು ಅಂಗಡಿಯ ಅಕ್ಕನ ಗುಮಾನಿ. ಅವನೇ ಕೆಲಸವನ್ನು ಕೈಲಾಗದ ಭಾವಮೈದುನನಿಗೆ ಒಪ್ಪಿಸಿ ಆರಾಮಾಗಿ ಮಲಗಿದ್ದಾನೆ ಎಂದು ನನ್ನದು. ಅತ್ತೆಯ ಸಿಟ್ಟು ಮಾತ್ರ ನೇರವಾಗಿತ್ತು. “ಬರಾಕ ಬರದಿದ್ರ ಎದ್ದು ಹೋಗಬೇಕು. ಇನ್ನೊಬ್ರ ಕುಣ್ಯಾಗ ಕುಂತು ಅವರ ಹೆಸರು ಯಾಕ ಕೆಡಸಬೇಕು?” ಎಂದು ಒಳಕೋಣೆಗೂ ಕೇಳುವಷ್ಟು ಜೋರಾಗಿ ಹೇಳುತ್ತಿದ್ದರು.

ಅಂಥ ಅತ್ತೆ ಒಂದು ಸಂಜೆ ಇದ್ದಕ್ಕಿದ್ದಂತೆ ಮೆತ್ತಗಾದರು. ಅಂಗಡಿಯ ಅಕ್ಕ ಹೊಸ ಬರಹಗಾರನಿಗೆ ಶಾಪ ಹಾಕುತ್ತಿದ್ದಾಗ ತಡೆದು, “ಇರಲಿ ಬಿಡ್ರಿ. ಎದ್ದಾಂವಗ ಏನಾಗೇತೋ ಏನೋ. ಕುಂತಾಂವ ಮುಗಸಾಕತ್ತಾನ,” ಅಂದರು.

ನನ್ನ ಕಿವಿ ನೆಟ್ಟಗಾಯಿತು. ಸಾರಿಗೆ ಉಪ್ಪು ತುಸು ಹೆಚ್ಚಾದರೂ ಮಾಫಿ ಮಾಡದ ಹೆಂಗಸು ಇಷ್ಟೊಂದು ಉದಾರಿಯಾಗುವುದೆಂದರೇನು? ಅಂದಿನಿಂದ ನಾನು ಧಾರಾವಾಹಿ ಬಿಟ್ಟು ಅತ್ತೆಯನ್ನು ನೋಡತೊಡಗಿದೆ. ಮೊದಲ ಜಾಹೀರಾತು ಬರುತ್ತಲೇ ತಲೆನೋವೆಂದು ಎದ್ದು ಒಳಗೆ ಹೋಗುತ್ತಿದ್ದರು. ಹೋಗುವಾಗ ತಪ್ಪದೆ, “ಆವಾಜ್ ಜೋರ್ ಇಡು,” ಅನ್ನುತ್ತಿದ್ದರು. ತಲೆನೋವಿನವರಿಗೆ ಜೋರು ಆವಾಜ್ ಯಾಕೆ ಬೇಕು? ಹಿತ್ತಲಿಗೆ ಹೋಗಿ ರೋಣದಲ್ಲಿರುವ ಮಗಳಿಗೆ ಫೋನ್ ಹಚ್ಚಿ ನನ್ನ ಮೇಲೆ ಚಾಡಿ ಹೇಳುತ್ತಿದ್ದಾರೆ, ಅದು ನನಗೆ ಕೇಳಬಾರದೆಂದೇ ಈ ಹೂಟ ಎಂದು ಖಾತ್ರಿ ಮಾಡಿಕೊಂಡೆ. ಎರಡು ದಿನ ಅವರ ಚಹಾಕ್ಕೆ ಶುಂಠಿಯನ್ನೇ ಹಾಕಲಿಲ್ಲ.

ಆಮೇಲೆ ಒಂದು ಸಂಜೆ, ಅತ್ತೆ ಒಳಗೆ ಹೋಗಿದ್ದಾಗ, ನಡುಕಥೆಯಲ್ಲಿ ಕರೆಂಟ್ ಹೋಯಿತು. ಟಿವಿ ಬಾಯಿ ಮುಚ್ಚಿತು. ಓಣಿಯ ಪವರ್‌ಲೂಮುಗಳೂ ನಿಂತವು. ಆ ಮೌನದಲ್ಲಿ ನಮ್ಮ ಹಿಂದಿನ ಕೋಣೆಯ ಮಗ್ಗ ಕೇಳಿಸಿತು. ಧಡ್, ಧಡ್, ಮತ್ತೆ ಗಪ್ಪಾಯಿತು.

“ಹಿರ್ಯಾರು ಇನ್ನೂ ನೇಯಾಕತ್ತಾರೇನು?” ಕತ್ತಲಲ್ಲಿ ಅಂಗಡಿಯ ಅಕ್ಕ ಕೇಳಿದರು.

“ಹೌದ್ರಿ,” ಅಂದೆ. ಅದು ಮಾವನ ಪೆಟ್ಟಲ್ಲ ಎಂದು ನನಗೆ ಗೊತ್ತಾಗಿತ್ತು. ಅವರದು ಒಂದು ಭಾರ, ಒಂದು ಹಗುರ. ಇದು ಬರೀ ಭಾರ. ಅಕ್ಕ ಅಂಗಡಿಗೆ ದೀಪ ಹಚ್ಚಲು ಎದ್ದುಹೋದ ಮೇಲೆ ನಾನು ಹಿಂದಿನ ಕೋಣೆಗೆ ಹೋದೆ.

ಅತ್ತೆ ಮಗ್ಗದ ಕುಣಿಯೊಳಗೆ ಕೂತಿದ್ದರು. ತವರಿನಲ್ಲಿ ನೇಯ್ದಿದ್ದರಂತೆ. ಈ ಮನೆಯಲ್ಲಿ ಅವರು ಕುಣಿಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ಮಾವ ಪಕ್ಕದಲ್ಲಿ ನೆಲದ ಮೇಲೆ ಕೂತು ಬ್ಯಾಟರಿ ಹಿಡಿದಿದ್ದರು. ಬೆಳಕು ಸೀರೆಯ ಮೇಲೆ ನಿಲ್ಲುತ್ತಿರಲಿಲ್ಲ. ಅವರು ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದರು. ಆದರೂ ಬೆಳಕು ನಡುಗಿತು.

“ಹಗಲೊತ್ತು ಮಂದಿ ಬರ್ತಾರ, ಆವಾಗ ಕುಣ್ಯಾಗ ನಿಮ್ಮ ಮಾವಾರ ಕೂಡ್ತಾರ,” ಅಂದರು ಅತ್ತೆ, ನನ್ನ ಮುಖ ನೋಡದೆ. “ಈ ಹೊತ್ತಿನ್ಯಾಗ ಓಣಿ ಎಲ್ಲಾ ಟಿವಿ ಮುಂದ ಇರತೈತಿ. ಬಜಾರಕ್ಕ ಗೊತ್ತಾದ್ರ ಅವರು ಇನ್ನ ತಲಿ ಎತ್ತಿ ಅಡ್ಡಾಡಂಗಿಲ್ಲ.”

ಮಾವ ಮೆಲ್ಲಗೆ ಕೇಳಿದರು. “ದಿನಾ ಒಳಗ ಮಲಗಿ ಕೇಳತಿದ್ನಿ ಯವ್ವಾ, ನೀವು ಆ ಹೊಸಾಂವಗ ಬೈಯೋದು. ಗೆರಿ ಅಷ್ಟು ಕಾಣತೈತೇನು?”

ನಾನು ಬಗ್ಗಿ ನೋಡಿದೆ. ಗೆರೆ ಇತ್ತು. ಎಲ್ಲಿ ಮಾವ ಎದ್ದಿದ್ದಾರೆ, ಎಲ್ಲಿ ಅತ್ತೆ ಕೂತಿದ್ದಾರೆ ಎಂದು ಆ ನಡುಗುವ ಬೆಳಕಿನಲ್ಲೂ ಹೇಳಬಹುದಿತ್ತು.

“ಎಲ್ಲೈತ್ರಿ ಮಾವಾರ,” ಅಂದೆ. “ನನಗೇನೂ ಕಾಣವಲ್ದು.”

ಬದುಕೆಲ್ಲ ನೇಯ್ದ ಮನುಷ್ಯ ಈ ಮಾತನ್ನು ನಂಬಿರಲಿಕ್ಕಿಲ್ಲ. ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, “ಹಿಡಿ, ನಿನ್ನ ಕೈ ಗಟ್ಟಿ ಅದಾವು,” ಅಂದರು. ಕರೆಂಟ್ ಬರುವವರೆಗೂ ಹಿಡಿದೆ.

ಮರುದಿನ ಸಂಜೆ ಧಾರಾವಾಹಿಯಲ್ಲಿ ಮೂಕಿ ಕೆಲಸದವಳು ಜೋಗುಳ ಹಾಡಿದಳು. ಮೊದಲ ಜಾಹೀರಾತಿಗೆ ಅತ್ತೆ ತಲೆನೋವೆಂದು ಎದ್ದರು. ಅಂಗಡಿಯ ಅಕ್ಕ ರೇಗಿ, ಇಂಥಾ ಬರ್ಯಾಂವನ ಕೈ ಸೇದಿಹೋಗಲಿ ಎಂದು ಶುರುಮಾಡಿದರು.

“ಹಂಗನಬ್ಯಾಡ್ರಿ ಅಕ್ಕಾರ,” ಅಂದೆ. “ಕುಂತಾಂವ ಮುಗಸಲಿ.”

ಅವರು ಮಾತು ನಿಲ್ಲಿಸಿ ನನ್ನನ್ನೇ ಸಂಶಯದಿಂದ ನೋಡಿದರು. ನಾನು ರಿಮೋಟ್ ತೆಗೆದುಕೊಂಡು ಆವಾಜ್ ಜೋರು ಮಾಡಿದೆ.