ಇನ್ನೂ ಹಸಿ ಅದೆ

ಮಗಳು ಹೊಸ ವಿಡಿಯೋ ಗೇಮ್ ಆಡುತ್ತಿದ್ದಳು. ಗಟ್ಟಿ ನೆಲದ ಮೇಲೆ ಓಡುತ್ತಿದ್ದ ಆಟದ ಹುಡುಗ ಇದ್ದಕ್ಕಿದ್ದಂತೆ ನೆಲದೊಳಗೇ ಮುಳುಗಿಹೋದ. "ಕೆಲ್ಸ ಮುಗಿಯೂಕೆ ಮೊದ್ಲೇ ಬಿಟ್ಟಿದ್ದಾರೆ ಅಪ್ಪಾ, ಆಮೇಲೆ ಸರಿ ಮಾಡ್ತಾರಂತೆ" ಎಂದು ನಕ್ಕಳು.

ನನ್ನ ಮೂಗಿಗೆ ಗೇರೆಣ್ಣೆಯ ವಾಸನೆ ಬಡಿಯಿತು. ನಾನು ಸಣ್ಣವನಿದ್ದಾಗ ಅಂಕೋಲೆಯ ಕಡಲ ದಡದಲ್ಲಿ ಅಜ್ಜ ಹೊಸ ದೋಣಿಯ ಹಲಗೆಸಂದಿಗೆ ಹತ್ತಿ ತುಂಬಿ, ನೀರು ಒಳಬರದಂತೆ ಆ ಎಣ್ಣೆ ಬಳಿದಿದ್ದ. ಬೆರಳೊತ್ತಿ ನೋಡಿ ಅಪ್ಪನಿಗೆ, "ಇನ್ನೂ ಹಸಿ ಅದೆ ತಮಾ, ನೀರಿಗೆ ಇಳಿಸ್ಬೇಡ" ಎಂದ. ಬಂಗಡೆ ಮೀನು ಬಂದಿದೆಯೆಂದು ಅಪ್ಪನಿಗೆ ಆತುರ. "ಸೋರಿದ್ರೆ ಆಮೇಲೆ ನೋಡ್ವ" ಎಂದು ನನ್ನನ್ನೂ ಹತ್ತಿಸಿಕೊಂಡ.

ದಡ ಸಣ್ಣದಾಗುವಾಗ ನನ್ನ ಪಾದ ತಣ್ಣಗಾಯಿತು. ಅಪ್ಪ ಲುಂಗಿ ಬಿಚ್ಚಿ ಸಂದಿಗೆ ತುರುಕತೊಡಗಿದ. ಆಮೇಲೆ ದೋಣಿಯನ್ನು ದಡದತ್ತ ತಿರುಗಿಸಿದ. ಹೇಗೋ ದಡ ಮುಟ್ಟಿದೆವು.

ಮಗಳ ಆಟದ ಹುಡುಗ ಮತ್ತೆ ಎದ್ದು ಓಡುತ್ತಿದ್ದಾನೆ. ನಾನು ಮಾತ್ರ ಎರಡೂ ಕಾಲು ಕುರ್ಚಿಯ ಮೇಲಿಟ್ಟು ಕುಳಿತಿದ್ದೇನೆ.