ಕನ್ನಡಕದಕ್ಕನ ಕಪ್ಪು ಚುಕ್ಕೆ

ಕನ್ನಡಕದಕ್ಕನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಅವಳ ಬಗ್ಗೆ ಬರೆಯಲು ಕೂತರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ನಮ್ಮದು ವಿಶ್ವವಿದ್ಯಾಲಯದ ಕಂಪ್ಯೂಟರ್ ಗ್ರಾಫಿಕ್ಸ್ ಆನರ್ಸ್ ತರಗತಿ. ಸೋಸಿ ಸೋಸಿ ಹನ್ನೆರಡೇ ಜನರನ್ನು ತೆಗೆದುಕೊಳ್ಳುತ್ತಿದ್ದರು. ಹನ್ನೊಂದು ಜನ ನಾವು ಇಪ್ಪತ್ತರ ಆಸುಪಾಸಿನವರು. ಹನ್ನೆರಡನೆಯವಳು ನಲವತ್ತೆರಡರ ಈ ಅಕ್ಕ. ಹದಿನೆಂಟು ವರ್ಷ ತನ್ನ ಭಾವನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿದವಳು. ಉಜ್ಜುತ್ತಲೇ ಓದಿ ಇಲ್ಲಿಯವರೆಗೆ ಬಂದಿದ್ದಳು. ಉಜ್ಜಿ ಉಜ್ಜಿ ಅವಳ ಬೆರಳ ತುದಿಗಳು ಎಷ್ಟು ನುಣ್ಣಗಾಗಿದ್ದವೆಂದರೆ, ಲ್ಯಾಬಿನ ಬಾಗಿಲಲ್ಲಿದ್ದ ಬೆರಳಚ್ಚಿನ ಯಂತ್ರಕ್ಕೆ ಅವಳ ಗುರುತೇ ಹತ್ತುತ್ತಿರಲಿಲ್ಲ. ದಿನಾ ಮಧ್ಯಾಹ್ನ ಹೊರಗೆ ನಿಂತು, "ಬಾಗ್ಲು ತೆಗೀರಪ್ಪಾ, ನಾನು ಯಾರೂ ಅಲ್ವಂತೆ!" ಎಂದು ಕೂಗುತ್ತಿದ್ದಳು. ಬಾಗಿಲ ಪಕ್ಕದ ಕುರ್ಚಿ ನನ್ನದು. ಎದ್ದು ತೆಗೆಯುವ ಕರ್ಮವೂ ನನ್ನದೇ.

ಎಂಟನೇ ವಾರಕ್ಕೆ ಪ್ರತಿಯೊಬ್ಬರೂ ತಾವೇ ಬರೆದ ಪ್ರೋಗ್ರಾಮಿನಿಂದ ಒಂದು ಚಿತ್ರ ಮಾಡಿ ತೋರಿಸಬೇಕಿತ್ತು. ಅದು ಸರಿಯಿಲ್ಲದಿದ್ದರೆ ಆನರ್ಸ್ ಬಿಟ್ಟು ಮಾಮೂಲಿ ತರಗತಿಗೆ ಹೋಗಬೇಕು. ನಮಗೆ ಅದು ಮುಖಭಂಗ, ಅಷ್ಟೆ. ಅಕ್ಕನಿಗೆ ಹಾಗಲ್ಲ. ಮಾಮೂಲಿ ತರಗತಿ ನಡೆಯುತ್ತಿದ್ದದ್ದು ಬೆಳಿಗ್ಗೆ, ಅಂಗಡಿಯಲ್ಲಿ ಜನ ತುಂಬುವ ಹೊತ್ತಿಗೆ. ಮಧ್ಯಾಹ್ನ ಬಿಟ್ಟುಕೊಟ್ಟದ್ದೇ ಹೆಚ್ಚು ಎಂದು ಭಾವ ಮೊದಲೇ ಹೇಳಿದ್ದನಂತೆ. ಚಿತ್ರ ಕೆಟ್ಟರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಒಂದನೇ ಕ್ಲಾಸಿನಿಂದ ಯಾವತ್ತೂ ಎರಡನೆಯವಳಾದವಳಲ್ಲ. ಇಲ್ಲಿ ಮೂರನೇ ವಾರಕ್ಕೇ ಮೇಡಂ ಎಲ್ಲರೆದುರು, "ನಿಮಗೆಲ್ಲ ಗಣಿತ ಇದೆ. ಅಕ್ಕನಿಗೆ ಕಣ್ಣಿದೆ," ಅಂದುಬಿಟ್ಟರು. ನನ್ನ ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದ ಹಾಗಾಯಿತು. ಸಮೀಕರಣ ಬಿಡಿಸಲು ಅವಳಿಗೆ ನನಗಿಂತ ಮೂರು ಪಟ್ಟು ಹೊತ್ತು ಬೇಕಿತ್ತು. ಆದರೆ ಗಾಜಿನ ಅಂಚಿನಲ್ಲಿ ಬೆಳಕು ಎಲ್ಲಿ ದಪ್ಪಗಾಗುತ್ತದೆ, ಎಲ್ಲಿ ತೆಳುವಾಗುತ್ತದೆ ಎಂಬುದನ್ನು ಅನ್ನ ಬೆಂದಿದೆಯೇ ಎಂದು ನೋಡುವವರ ಹಾಗೆ ಸುಮ್ಮನೆ ಹೇಳಿಬಿಡುತ್ತಿದ್ದಳು. ಮನೆಯಲ್ಲಿ ನಾನು ಅವಳನ್ನು ಬೈಯುವುದನ್ನು ಕೇಳಿ ಕೇಳಿ, "ಆ ಅಕ್ಕನ್ನ ಒಂದಿನ ಮನೆಗೆ ಕರ್ಕೊಂಡು ಬಾರೇ, ಇಷ್ಟು ದಿನ ಅವಳ ಮಾತೇ ಆಯ್ತು," ಎಂದು ಅಮ್ಮ ಛೇಡಿಸಿದಳು.

ಅದೇ ವಾರ ನಾನು ಪ್ರೋಗ್ರಾಮಿನಿಂದ ಪರದೆಯ ಮೇಲೆ ಒಂದು ಚೆಂಡು ಮೂಡಿಸಿದ್ದೆ. ಅವಳು ಹತ್ತಿರ ಬಗ್ಗಿ, "ನಿನ್ ಚೆಂಡಿನ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಇದೆ ನೋಡು," ಅಂದಳು. ನನಗೆ ಕಂಡೇ ಇರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ನಮ್ಮ ಪ್ರೋಗ್ರಾಮಿನಲ್ಲಿ ಕಣ್ಣಿನಿಂದ ಒಂದು ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ. ಮುಟ್ಟಿದ ಜಾಗದಿಂದ ಇನ್ನೊಂದು ಕಿರಣ ದೀಪದ ಕಡೆಗೆ ಹೋಗಿ, ನಡುವೆ ಏನಾದರೂ ಅಡ್ಡ ಇದೆಯೇ ಎಂದು ನೋಡುತ್ತದೆ. ಕಂಪ್ಯೂಟರಿನ ಲೆಕ್ಕ ಕೊಂಚ ಆಚೀಚೆಯಾಗಿ ಮುಟ್ಟಿದ ಜಾಗ ಚೆಂಡಿನ ಮೈಯೊಳಗೇ ಹೂತುಹೋದರೆ, ಆ ಎರಡನೇ ಕಿರಣಕ್ಕೆ ಮೊದಲು ಅಡ್ಡ ಬರುವುದು ಅದು ಹೊರಟ ಮೈಯೇ. ಚೆಂಡು ತನ್ನ ನೆರಳನ್ನು ತನ್ನ ಮೇಲೇ ಹಾಕಿಕೊಳ್ಳುತ್ತದೆ. ಕಿರಣವನ್ನು ಕೂದಲೆಳೆಯಷ್ಟು ಮೇಲಿನಿಂದ ಹೊರಡಿಸಿದರೆ ಮುಗಿಯಿತು, ಒಂದೇ ಸಾಲಿನ ಕೆಲಸ.

"ಚುಕ್ಕೆ ಹೋಯ್ತಲ್ಲ, ಹೇಗೆ ತೆಗ್ದೆ?" ಎಂದು ಅಕ್ಕ ಕೇಳಿದಳು.

"ತಾನಾಗೇ ಹೋಯ್ತು," ಅಂದೆ.

ಯಾಕೆ ಹಾಗಂದೆನೋ! ಅವಳು ತೋರಿಸಿದ ತಪ್ಪನ್ನು ತಿದ್ದಿಕೊಂಡೆ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ, ಅಷ್ಟೇ. ಸಣ್ಣ ಸುಳ್ಳು, ಅಂದೇ ಮರೆತೂಬಿಟ್ಟೆ.

ಏಳನೇ ವಾರ ಅಕ್ಕನ ಚಿತ್ರ ಪರದೆಯ ಮೇಲೆ ಮೂಡಿತು. ಮೇಜಿನ ಮೇಲೆ ಯಾರೋ ಬಿಚ್ಚಿಟ್ಟು ಹೋದ ಒಂದು ಕನ್ನಡಕ, ಗಾಜಿನ ಮೂಲಕ ಹಾದು ಬಂದು ಮೇಜಿನ ಮೇಲೆ ಬಿದ್ದ ಎರಡು ಬೆಳಕಿನ ಬಿಲ್ಲೆ. ಬೇರೇನೂ ಇಲ್ಲ. ನಾನು ನಲವತ್ತು ಚೆಂಡು ಜೋಡಿಸಿ ಮಾಡಿದ ನನ್ನ ಚಿತ್ರ ಅದರ ಮುಂದೆ ಸಂತೆಯ ಗದ್ದಲದಂತೆ ಕಂಡಿತು. ಆದರೆ ಅವಳ ಗಾಜಿನ ತುಂಬ ಕಪ್ಪು ಚುಕ್ಕೆಗಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಮುಖ ಮುಚ್ಚಿಕೊಳ್ಳಲು ನೀರಿನ ಬಾಟಲಿ ಎತ್ತಿಕೊಂಡೆ.

ಅವಳು ಮಾಡಿದ್ದು ಗಾಜು ಉಜ್ಜುವವರು ಮಾತ್ರ ಮಾಡುವ ತಪ್ಪು. ಮೇಲ್ಮೈ ಒರಟಾಗಿದೆ, ಇನ್ನೂ ನಯವಾಗಬೇಕು ಅಂದುಕೊಂಡಳು. ಗಾಜಿನ ಮೇಲ್ಮೈಯನ್ನು ಕಟ್ಟಿದ್ದ ತ್ರಿಕೋನಗಳನ್ನು ಒಡೆದು ಚಿಕ್ಕದು ಮಾಡಿದಳು. ಮಾರನೆಯ ದಿನ ಅದಕ್ಕಿಂತ ಚಿಕ್ಕದು, ಅದರ ಮಾರನೆಯ ದಿನ ಇನ್ನೂ ಚಿಕ್ಕದು; ಅಂಗಡಿಯಲ್ಲಿ ಒರಟು ಪುಡಿಯಿಂದ ನಯವಾದ ಪುಡಿಗೆ ಹೋಗುವ ಹಾಗೆ. ಎಷ್ಟು ಉಜ್ಜಿದರೂ ಚುಕ್ಕೆಗಳು ಅಲ್ಲೇ ಇದ್ದವು.

ಪರೀಕ್ಷೆಗೆ ಮುನ್ನ ಮೇಡಂ ಅವರನ್ನು ಕೇಳುವಂತಿರಲಿಲ್ಲ, ಸಹಪಾಠಿಗಳನ್ನು ಕೇಳಬಹುದಿತ್ತು. ಹಿಂದಿನ ದಿನ ಅವಳು ನನ್ನ ಕಡೆ ಕುರ್ಚಿ ಎಳೆದುಕೊಂಡಳು.

"ನಿನ್ ಚೆಂಡಲ್ಲೂ ಹೀಗೇ ಇತ್ತಲ್ವಾ? ಏನಾದ್ರೂ ಮಾಡಿದ್ಯಾ, ನೆನಪು ಮಾಡ್ಕೋ."

"ಇಲ್ಲಕ್ಕಾ. ಹೇಳಿದ್ನಲ್ಲ," ಅಂದೆ. ನನ್ನ ಪರದೆಯಲ್ಲಿ ಆ ಒಂದು ಸಾಲು ತೆರೆದೇ ಇತ್ತು. ನಾನು ಮೆಲ್ಲಗೆ ಪುಟ ಸರಿಸಿದೆ.

ಮರುದಿನ ಮೇಡಂ ಅವಳ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಇಷ್ಟು ಒಳ್ಳೇ ಚಿತ್ರ ನಾನು ಈ ಕೋಣೆಯಲ್ಲಿ ನೋಡಿಲ್ಲ. ಆದ್ರೆ ನಿಯಮ ನಿಯಮವೇ, ಈ ಚುಕ್ಕೆ ಇಟ್ಕೊಂಡು ಪಾಸ್ ಮಾಡೋಕಾಗಲ್ಲ," ಎಂದರು. ಆಮೇಲೆ ಬೋರ್ಡಿನ ಮೇಲೆ ಆ ಸಾಲನ್ನು ಬರೆದು, "ಪಕ್ಕದವರನ್ನಾದ್ರೂ ಕೇಳ್ಬಾರ್ದಿತ್ತಾ?" ಎಂದರು.

ಅಕ್ಕ ಬೋರ್ಡು ನೋಡಿದಳು, ಆಮೇಲೆ ನನ್ನನ್ನು.

"ಕೇಳ್ಬೇಕು ಅಂತ ತೋಚಲಿಲ್ಲ ಮೇಡಂ," ಅಂದಳು.

ಕೃತಜ್ಞತೆ ಬರಬೇಕಿದ್ದ ಕಡೆ ನನಗೆ ಸಿಟ್ಟು ಬಂತು. ನನ್ನ ಮಾನ ಉಳಿಸಿ, ಅದರಲ್ಲೂ ಅವಳೇ ಮೇಲಾದಳಲ್ಲ! ಮುಂದಿನ ಸೋಮವಾರದಿಂದ ಬಾಗಿಲಾಚೆ ಕೂಗುವವರಿರಲಿಲ್ಲ. ನನ್ನ ನಲವತ್ತು ಚೆಂಡುಗಳಿಗೆ ಚೌಕಟ್ಟು ಹಾಕಿ ವಿಭಾಗದ ಪಡಸಾಲೆಯಲ್ಲಿ ತೂಗುಹಾಕಿದರು.

ಎರಡು ವರ್ಷ ಪರದೆ ನೋಡಿ ನೋಡಿ ನನ್ನ ಕಣ್ಣು ಮಂಜಾಯಿತು. ಊರಲ್ಲಿ ಬೇರೆ ಅಂಗಡಿಗಳೂ ಇದ್ದವು. ಆದರೂ ಕಾಲು ಅಕ್ಕನ ಭಾವನ ಅಂಗಡಿಗೇ ಹೋಯಿತು. ಅವಳು ಸೋತು ಸಣ್ಣಗಾಗಿರುವುದನ್ನು ನೋಡಬೇಕಿತ್ತೋ, ಕ್ಷಮೆ ಕೇಳಬೇಕಿತ್ತೋ, ನನಗೇ ಗೊತ್ತಿರಲಿಲ್ಲ.

ಗಲ್ಲಾದ ಮೇಲಿನ ಗೋಡೆಯಲ್ಲಿ ಅದೇ ಕನ್ನಡಕ, ಅದೇ ಎರಡು ಬೆಳಕಿನ ಬಿಲ್ಲೆ. ಮುಂದೆ ನಿಂತಿದ್ದ ಗಿರಾಕಿಯೊಬ್ಬರು ಅದನ್ನು ಫೋಟೋ ಅಂದುಕೊಂಡು ಯಾವ ಕ್ಯಾಮೆರಾ ಎಂದು ವಿಚಾರಿಸುತ್ತಿದ್ದರು. ನಾನು ಮಂಜುಗಣ್ಣು ಕಿರಿದು ಮಾಡಿಕೊಂಡು ಒಂದಾದರೂ ಚುಕ್ಕೆ ಸಿಗಲಿ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಹೊಟ್ಟೆಯಲ್ಲಿ ಅದೇ ಒಲೆ ಮತ್ತೆ ಹೊತ್ತಿಕೊಂಡಿತು.

ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದ ನನ್ನ ಚೀಟಿ ನೋಡಿ ಅಕ್ಕ ಹಿಂದಿನ ಕೋಣೆಗೆ ಹೋದಳು. ಅರ್ಧ ಗಂಟೆ ಯಂತ್ರದ ಸದ್ದು ಕೇಳಿಸುತ್ತಿತ್ತು. ಹೊರಗೆ ಬಂದು ನನ್ನ ಕನ್ನಡಕವನ್ನು ಬಟ್ಟೆಯಿಂದ ಒರೆಸತೊಡಗಿದಳು. ಕ್ಷಮೆಯ ಮಾತು ಗಂಟಲವರೆಗೆ ಬಂದು, ಬಾಯಿಂದ ಬೇರೆಯೇ ಹೊರಟಿತು.

"ಚುಕ್ಕೆ ಹೋಯ್ತಲ್ಲಕ್ಕಾ."

"ಹ್ಞೂಂ," ಅಂದಳು, ತಲೆ ಎತ್ತದೆ. "ತಾನಾಗೇ ಹೋಯ್ತು."

ಆಮೇಲೆ ಕನ್ನಡಕವನ್ನು ನನ್ನ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಬಿಗಿಯಾಗುತ್ತಾ ಎಂದು ಕೇಳಿದಳು.